ನಾಲ್ಕು ಆಂಪಿನ ಪ್ರೊಫೆಸರ್

"ಆಂಪ್ ಅಂದ್ರೆ ಏನು ಸಾರ್?" ಅಮ್ಮ ಮೋಟರ್ ಅಂಗಡಿಯವರನ್ನು ಕೇಳಿದಳು.

ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎಂದು ಪ್ರೊಫೆಸರ್‌ಗೆ ಅನ್ನಿಸಿತು. ಭೂಮಿಗೆ ಬೇರೆ ಕೆಲಸವಿತ್ತೋ ಏನೋ, ಅದು ಸುಮ್ಮನಿತ್ತು.

ಪ್ರೊಫೆಸರ್ ಎಂದರೆ ಗಡ್ಡ ಬಿಟ್ಟ ತಾತ ಅಲ್ಲ, ಐದನೇ ತರಗತಿಯ ಹುಡುಗಿ. ಯಾರು ಏನು ಹೇಳಲು ಹೊರಟರೂ ಅರ್ಧದಲ್ಲೇ "ನಂಗೊತ್ತು" ಅನ್ನುತ್ತಿದ್ದಳು. ಅದಕ್ಕೆ ಅಣ್ಣ ಈ ಹೆಸರಿಟ್ಟಿದ್ದ. ಅವನು ಅಣಕಿಸಲು ಇಟ್ಟದ್ದು. ಅವಳು ಅದನ್ನು ಬಿರುದು ಅಂದುಕೊಂಡಿದ್ದಳು.

ಅಮ್ಮ ಬಡಗಿ. ಮನೆ ಪಕ್ಕದ ಶೆಡ್‌ನಲ್ಲಿ ಮರದ ಬೋರ್ಡುಗಳ ಮೇಲೆ ಅಕ್ಷರ ಕೆತ್ತುತ್ತಾಳೆ. ಉಳಿ ಹಿಡಿದು ಹಿಡಿದು ಅವಳ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಡಾಕ್ಟರ್ ಬ್ಯಾಂಡೇಜ್ ಸುತ್ತಿ, "ಕೈಗೆ ರೆಸ್ಟ್ ಕೊಡಿ" ಎಂದಿದ್ದರು. ಅದಕ್ಕೇ ಈ ಮೆಷಿನ್. ಕಂಪ್ಯೂಟರ್‌ನಲ್ಲಿ ಅಕ್ಷರ ಬರೆದರೆ ಸಾಕು, ಮೋಟರ್‌ಗಳು ಕಟರನ್ನು ಅತ್ತ ಇತ್ತ, ಮೇಲೆ ಕೆಳಗೆ ಓಡಿಸಿ ಮರದಲ್ಲಿ ಅದನ್ನೇ ಕೆತ್ತುತ್ತವೆ. ಇದಕ್ಕೆ ಸಿಎನ್‌ಸಿ ರೂಟರ್ ಅನ್ನುತ್ತಾರೆ. ಅಮ್ಮ ಅದರ ಚೌಕಟ್ಟನ್ನು ತಾನೇ ಮಾಡಿ ಮುಗಿಸಿದ್ದಳು. ಮೋಟರ್‌ಗಳನ್ನೂ ಅವುಗಳಿಗೆ ಆಜ್ಞೆ ಕೊಡುವ ಕಂಟ್ರೋಲರನ್ನೂ ಆರಿಸುವುದು ಬಾಕಿ ಇತ್ತು.

ಆ ಜವಾಬ್ದಾರಿಯನ್ನು ಪ್ರೊಫೆಸರ್ ಹೊತ್ತುಕೊಂಡಿದ್ದಳು. ಹನ್ನೊಂದು ವಿಡಿಯೊ ನೋಡಿದ್ದಳು. ಅದರಲ್ಲಿ ಎರಡನ್ನು ಕೊನೆಯವರೆಗೂ.

"ಆಂಪ್ ಅಂದ್ರೆ ಮೇಡಂ, ಮೋಟರ್ ಎಷ್ಟು ಕರೆಂಟ್ ಎಳ್ಕೊಳ್ಳುತ್ತೆ ಅಂತ..." ಅಂಗಡಿಯವರು ಶುರು ಮಾಡಿದರು.

"ಅದೆಲ್ಲ ನಂಗೊತ್ತು ಅಂಕಲ್, ಅಮ್ಮಂಗೆ ಮನೇಲಿ ಹೇಳ್ತೀನಿ."

"ಸರಿ. ಕಟರ್ ಹೊತ್ಕೊಂಡು ಓಡಾಡೋ ಭಾಗ ಎಷ್ಟು ತೂಕ ಇದೆ?"

ಅಮ್ಮ ಬಾಯಿ ತೆರೆದಳು. ಪ್ರೊಫೆಸರ್ ಮುಂಚೆಯೇ, "ತುಂಬಾ" ಎಂದಳು. "ದೊಡ್ಡ ಮೋಟರ್ ಕೊಡಿ."

"ಎಷ್ಟು ದೊಡ್ಡದು?"

"ಇರೋದ್ರಲ್ಲೇ ದೊಡ್ಡದು."

ಅಂಗಡಿಯವರು ಕನ್ನಡಕದ ಮೇಲಿಂದ ನೋಡಿದರು. ಇಂಥ ಗಿರಾಕಿಗಳು ಅವರಿಗೆ ಹೊಸಬರಲ್ಲ. ಆದರೆ ಸಾಮಾನ್ಯವಾಗಿ ಅಂಥವರಿಗೆ ಮೀಸೆ ಇರುತ್ತಿತ್ತು.

ಕಂಟ್ರೋಲರ್ ಆರಿಸುವುದು ಇನ್ನೂ ಬೇಗ ಮುಗಿಯಿತು. ಕಪಾಟಿನಲ್ಲಿ ಅಂಗೈಯಗಲದ ನೀಲಿ ಬೋರ್ಡೊಂದಿತ್ತು. ಅದರ ಮೇಲೆ ಉಗುರಿನಷ್ಟು ಪುಟಾಣಿ ಡ್ರೈವರ್‌ಗಳು ಕೂತಿದ್ದವು. ಮೋಟರ್‌ಗೆ ಕರೆಂಟ್ ಅಳೆದು ಕೊಡುವುದು ಈ ಡ್ರೈವರ್‌ಗಳ ಕೆಲಸ.

"ಇದು. ವಿಡಿಯೊದಲ್ಲಿ ಇದೇ ಇತ್ತು."

"ಇಷ್ಟು ದೊಡ್ಡ ಮೋಟರ್‌ಗೆ ಅದು..." ಎನ್ನುವಷ್ಟರಲ್ಲಿ ಅಂಗಡಿಯವರನ್ನು ಇನ್ನೊಬ್ಬ ಗಿರಾಕಿ ಕರೆದ.

"ಅವ್ರು ಏನೋ ಹೇಳೋಕೆ ಬಂದ್ರಲ್ಲ ಪುಟ್ಟಿ?" ಎಂದಳು ಅಮ್ಮ.

"ಅದೂ ಗೊತ್ತಮ್ಮ. ನಡಿ."

ಮನೆಗೆ ಬಂದು ಪೆಟ್ಟಿಗೆ ಬಿಚ್ಚಿದಾಗ ಒಂದು ಚೀಟಿ ಸಿಕ್ಕಿತು. ನೀಲಿ ಬೋರ್ಡಿನ ಡ್ರೈವರ್ ಹೆಚ್ಚೆಂದರೆ ಎರಡು ಆಂಪ್ ಕೊಡುತ್ತದೆ ಎಂದು ಅದರಲ್ಲಿತ್ತು. ಮೋಟರ್ ಮೇಲೆ ನಾಲ್ಕು ಆಂಪ್ ಎಂದಿತ್ತು. ಎರಡು ಮತ್ತು ನಾಲ್ಕು ಒಂದೇ ಅಲ್ಲ ಎಂಬುದು ಪ್ರೊಫೆಸರ್‌ಗೂ ಗೊತ್ತಿತ್ತು. ಅದರಿಂದ ಏನಾಗುತ್ತದೆ ಎಂಬುದು ಗೊತ್ತಿರಲಿಲ್ಲ. ಕೇಳಬಹುದಿತ್ತು. ಆದರೆ ಅಣ್ಣ ಅಲ್ಲೇ ಕೂತಿದ್ದ. "ಪ್ರೊಫೆಸರ್‌ಗೂ ಡೌಟಾ?" ಎಂದು ಅವನು ನಗುವುದು ಈಗಲೇ ಕಿವಿಯಲ್ಲಿ ಕೇಳಿಸಿತು. ಚೀಟಿ ಮಡಚಿ ಜೇಬಿಗೆ ಹಾಕಿಕೊಂಡಳು.

ಮೊದಲು ಕಟರ್ ಬದಲು ಪೆನ್ ಕಟ್ಟಿ ನೋಡಿದರು. ಪೆನ್ನು ಹಾಳೆಯ ಮೇಲೆ ನೀಟಾದ ಚೌಕ ಬರೆಯಿತು. ಅಮ್ಮ ಮಗಳ ತಲೆ ಸವರಿದಳು. ಮಾರನೇ ದಿನದ ಹೊತ್ತಿಗೆ ಇಡೀ ಕ್ಲಾಸಿಗೆ ಸುದ್ದಿ ಮುಟ್ಟಿತ್ತು. ಸ್ಕೂಲಿನ ಎಲ್ಲ ತರಗತಿಗಳ ಬಾಗಿಲಿಗೆ ಹಾಕುವ ಹೊಸ ಬೋರ್ಡುಗಳನ್ನು ಹೆಡ್ ಮಿಸ್ ಅಮ್ಮನಿಗೇ ವಹಿಸಿದ್ದರು. "ಮೆಷಿನ್ ಕೆತ್ತುತ್ತೆ, ಮೋಟರ್ ಆರಿಸಿದ್ದು ನಾನೇ" ಎಂದು ಪ್ರೊಫೆಸರ್ ಕೇಳಿದವರಿಗೂ ಹೇಳಿದಳು, ಕೇಳದವರಿಗೂ ಹೇಳಿದಳು.

ಭಾನುವಾರ ಅಮ್ಮ ಜೋಪಾನವಾಗಿ ತೆಗೆದಿಟ್ಟಿದ್ದ ಒಳ್ಳೆಯ ಹಲಗೆ ಹೊರಬಂತು. ಅದರ ಮೇಲೆ ಕೆತ್ತಬೇಕಾದದ್ದು "ಐದನೇ ತರಗತಿ" ಎಂದು.

"ಐದನೇ" ಹೇಗೋ ಬಂತು. ಆಮೇಲೆ ಮೋಟರ್ ಗುಂಯ್ ಎಂದು ನರಳಿ ನಿಂತಿತು. ಮತ್ತೆ ಹೊರಟಿತು, ಮತ್ತೆ ತಡವರಿಸಿತು. ಕಟರ್ ಮಾತ್ರ ತನ್ನ ಪಾಡಿಗೆ ಕೊರೆಯುತ್ತಲೇ ಇತ್ತು. ಎಲ್ಲ ಮುಗಿದಾಗ "ತರಗತಿ" ಹೋಗಿ "ಐದನೇ" ತಲೆಯ ಮೇಲೆ ಕೂತಿತ್ತು.

"ಹೊಸ ಲಿಪಿ ಕಂಡುಹಿಡಿದಿದ್ದೀಯ" ಎಂದ ಅಣ್ಣ. "ಓದೋಕೂ ನೀನೇ ಬರ್ಬೇಕು."

ಅಮ್ಮ ಪುಟ್ಟ ಡ್ರೈವರ್ ಮುಟ್ಟಿ ಬೆರಳು ಹಿಂದಕ್ಕೆಳೆದುಕೊಂಡಳು. "ಇಸ್ತ್ರಿ ಪೆಟ್ಟಿಗೆ ಹಂಗೆ ಕಾದಿದೆ. ಯಾಕೆ ಪುಟ್ಟಿ?"

ಇಬ್ಬರೂ ಅವಳ ಮುಖ ನೋಡುತ್ತಿದ್ದರು. ಪ್ರೊಫೆಸರ್ ಬಾಯಿಂದ ಮಾತು ತಾನಾಗಿ ಹೊರಬಂತು.

"ಮೋಟರ್ ಡಿಫೆಕ್ಟ್ ಅಮ್ಮ. ಅಂಗಡಿಯವ್ರು ಹಳೇ ಮಾಲು ಕೊಟ್ಟು ಮೋಸ ಮಾಡಿದ್ದಾರೆ."

ಅಣ್ಣ ನಗುತ್ತಾನೆ ಎಂದುಕೊಂಡಿದ್ದಳು. ನಗಲಿಲ್ಲ. ಅದಕ್ಕಿಂತ ಕೆಟ್ಟದ್ದು ನಡೆಯಿತು. ಅಮ್ಮ ನಂಬಿಬಿಟ್ಟಳು.

ಸೋಮವಾರ ಸ್ಕೂಲ್ ಬಿಟ್ಟ ಮೇಲೆ ಅಮ್ಮ ಮಗಳು ಇಬ್ಬರೂ ಅಂಗಡಿಗೆ ಹೋದರು. ಅಮ್ಮ ಬಿಚ್ಚಿ ತಂದಿದ್ದ ಒಂದು ಮೋಟರನ್ನು ಕೌಂಟರ್ ಮೇಲೆ ದಪ್ಪೆಂದು ಇಟ್ಟಳು.

"ಹೆಂಗಸು, ಏನೂ ಗೊತ್ತಾಗಲ್ಲ ಅಂತ ಹಾಳಾಗಿರೋ ಮೋಟರ್ ಕೊಟ್ರಾ ಸಾರ್? ನನ್ನ ಮಗಳು ಓದ್ಕೊಂಡು ಆರಿಸಿದ್ದು. ಅವಳು ಸುಮ್ಮನೆ ಹೇಳೋಳಲ್ಲ."

ಅಂಗಡಿಯವರ ಮುಖ ಕೆಂಪಾಯಿತು. ಅವರು ಒಳಗಿಂದ ಪುಸ್ತಕದಷ್ಟು ದಪ್ಪದ ಬೇರೆ ಡ್ರೈವರ್ ತಂದು, ಮೋಟರ್‌ಗೆ ವೈರ್ ಜೋಡಿಸಿ, ಅದರ ಚಕ್ರಕ್ಕೆ ಒಂದು ಬೆಲ್ಟ್ ಹಾಕಿದರು.

"ಈ ಬೆಲ್ಟ್ ಎಳೆದು ಹಿಡ್ಕೊಳ್ಳಿ ಮೇಡಂ. ಮೋಟರ್ ನಿಲ್ಲಿಸಿ ನೋಡೋಣ."

ಅಮ್ಮ ಒಳ್ಳೆಯ ಕೈಯಲ್ಲಿ ಬಲವಾಗಿ ಎಳೆದು ಹಿಡಿದಳು. ಬೆಲ್ಟು ಕೈಯನ್ನೂ ಎಳೆದುಕೊಂಡು ಹೋಯಿತು. ಮೋಟರ್‌ಗೆ ಯಾವ ಕಾಯಿಲೆಯೂ ಇರಲಿಲ್ಲ.

ಅಮ್ಮ ಮಗಳ ಕಡೆ ತಿರುಗಲಿಲ್ಲ. "ತಪ್ಪಾಯ್ತು ಸಾರ್" ಎಂದಳು. "ಇಲ್ಲದ ಮಾತು ಆಡ್ಬಿಟ್ಟೆ. ನಂಗೆ ಇದೆಲ್ಲ ತಿಳಿಯಲ್ಲ."

ಬಡಗಿ ಅಮ್ಮ ಯಾರ ಮುಂದೆಯೂ ತಲೆ ತಗ್ಗಿಸಿದ್ದನ್ನು ಪ್ರೊಫೆಸರ್ ನೋಡಿರಲಿಲ್ಲ. ಅವಳು ಜೇಬಿನಿಂದ ಚೀಟಿ ತೆಗೆದು ಕೌಂಟರ್ ಮೇಲಿಟ್ಟಳು.

"ಅಮ್ಮಂದಲ್ಲ ತಪ್ಪು. ಇದರಲ್ಲಿ ಎರಡು ಅಂತಿತ್ತು, ಮೋಟರ್ ಮೇಲೆ ನಾಲ್ಕು. ನಾನು ನೋಡಿದ್ದೆ. ಅರ್ಥ ಆಗ್ಲಿಲ್ಲ. ಕೇಳ್ಲಿಲ್ಲ."

ಬೈಗುಳಕ್ಕೆ ಕಾದಳು. ಅಂಗಡಿಯವರು ಚೀಟಿ ಓದಿ, "ಹೂಂ, ಇದೇ ನೋಡಿ" ಎಂದರು. "ಮೋಟರ್‌ಗೆ ಅರ್ಧ ಹೊಟ್ಟೆ. ಪೆನ್ ಎಳೆಯೋಕೆ ಸಾಕು, ಮರ ಕೊರೆಯೋಕೆ ಸಾಲಲ್ಲ. ಈ ಮೋಟರ್ ತಿರುಗೋದೇ ಒಂದೊಂದು ಹೆಜ್ಜೆಯಾಗಿ. ನೂರು ಹೆಜ್ಜೆ ಹಾಕು ಅಂದ್ರೆ ತೊಂಬತ್ತು ಹಾಕುತ್ತೆ. ಆ ಡ್ರೈವರ್ ಕೂಡ ಕಾದು ಕಾದು ಮಧ್ಯೆ ಆಫ್ ಆಗುತ್ತೆ. ಆದರೆ ಹೆಜ್ಜೆ ತಪ್ಪಿದ್ದು ಮೆಷಿನ್‌ಗೆ ಗೊತ್ತೇ ಆಗಲ್ಲ. ಎಲ್ಲಾ ಸರಿಯಾಗಿದೆ ಅಂತ ಮುಂದಕ್ಕೆ ಹೋಗ್ತಾನೇ ಇರುತ್ತೆ."

ಅವರು ಮೆಷಿನ್ ಬಗ್ಗೆಯೇ ಹೇಳುತ್ತಿದ್ದರು. ಆದರೂ ಪ್ರೊಫೆಸರ್ ಕಿವಿ ಬಿಸಿಯಾಯಿತು.

"ಈಗ ಹೇಳಿ, ಓಡಾಡೋ ಭಾಗದ ತೂಕ ಎಷ್ಟು?"

"ಹನ್ನೆರಡು ಕೆಜಿ" ಎಂದಳು ಅಮ್ಮ ತಕ್ಷಣ. "ಮೊದಲೇ ತೂಕ ಹಾಕಿದ್ದೆ. ಒಂದು ಸಲಕ್ಕೆ ಎರಡು ಮಿಲಿಮೀಟರ್ ಆಳ ಕೊರೆದ್ರೆ ಸಾಕು."

ಪ್ರೊಫೆಸರ್ ಅಮ್ಮನನ್ನೇ ನೋಡಿದಳು. ಅಮ್ಮನಿಗೆ ಇಷ್ಟೆಲ್ಲ ಗೊತ್ತಿತ್ತು. ಅವತ್ತು ಹೇಳಲು ಬಿಟ್ಟವರು ಯಾರು?

"ಹಂಗಾದ್ರೆ ಇದಕ್ಕಿಂತ ಚಿಕ್ಕ ಮೋಟರ್ ಸಾಕಿತ್ತು. ಇರಲಿ, ತಂದಾಗಿದೆ. ಒಂದೊಂದು ಮೋಟರ್‌ಗೆ ಒಂದೊಂದು ದೊಡ್ಡ ಡ್ರೈವರ್ ಹಾಕಿ. ಎಷ್ಟು ಹೆಜ್ಜೆ ಅಂತ ನೀಲಿ ಬೋರ್ಡ್ ಹೇಳಲಿ, ಕರೆಂಟ್ ಇವು ಕೊಡಲಿ."

ಅಂಗಡಿಯವರು ವೈರ್ ಜೋಡಿಸುವ ಕ್ರಮವನ್ನು ಹಾಳೆಯ ಮೇಲೆ ಬರೆದು ತೋರಿಸತೊಡಗಿದರು. ಪ್ರೊಫೆಸರ್ ನಾಲಿಗೆ ತುದಿಗೆ ಅದೇ ಹಳೇ ಮಾತು ಬಂತು. ನುಂಗಿಕೊಂಡಳು. ನುಂಗಿದ ಜಾಗದಿಂದ ಬೇರೊಂದು ಮೇಲೆ ಬಂತು.

"ಅಂಕಲ್, ಕೆತ್ತುತ್ತಾ ಇರುವಾಗ ಕರೆಂಟ್ ಹೋಯ್ತು ಅಂದ್ಕೊಳ್ಳಿ. ವಾಪಸ್ ಬಂದಾಗ ಎಲ್ಲಿವರೆಗೆ ಕೆತ್ತಿದ್ದೆ ಅಂತ ಈ ಬೋರ್ಡ್‌ಗೆ ನೆನಪಿರುತ್ತಾ?"

ಅಂಗಡಿಯವರು ಕನ್ನಡಕ ತೆಗೆದು ಒರೆಸಿದರು.

"ಈ ಬೋರ್ಡ್‌ದು ನಂಗೆ ಗೊತ್ತಿಲ್ಲ ಕಣಮ್ಮ" ಎಂದರು, ಹೊರಗೆ ಮೋಡ ಆಗಿದೆ ಅನ್ನುವಷ್ಟು ಸಲೀಸಾಗಿ. ಸುತ್ತಲೂ ಆಳೆತ್ತರಕ್ಕೆ ಪೇರಿಸಿದ ಮೋಟರ್ ಪೆಟ್ಟಿಗೆಗಳಿದ್ದವು. ಗೊತ್ತಿಲ್ಲ ಅಂದಿದ್ದಕ್ಕೆ ಅವುಗಳಲ್ಲಿ ಒಂದೂ ಅವರ ತಲೆ ಮೇಲೆ ಬೀಳಲಿಲ್ಲ.

ಅವರು ಡ್ರಾಯರ್‌ನಿಂದ ದಪ್ಪ ಮ್ಯಾನ್ಯುಯಲ್ ತೆಗೆದು ಕೌಂಟರ್ ಮೇಲೆ ಬಿಡಿಸಿದರು. "ಅಕ್ಷರ ಇರುವೆ ಹಂಗಿವೆ. ನಿನ್ನ ಕಣ್ಣು ಚೆನ್ನಾಗಿದೆ, ಓದು ನೋಡೋಣ."

ಪ್ರೊಫೆಸರ್ ಸ್ಟೂಲ್ ಎಳೆದುಕೊಂಡು ಕೂತಳು. ಅಮ್ಮ ಅವಳ ಹೆಗಲ ಮೇಲಿಂದ ಬಗ್ಗಿದಳು. ಎರಡನೇ ಸಾಲಿನಲ್ಲೇ ಒಂದು ಪದ ಅಡ್ಡ ಬಂತು. ಅದನ್ನು ಹಾರಿಸಿ ಮುಂದೆ ಓದಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ.

ಅವಳು ಅದರ ಮೇಲೆ ಬೆರಳಿಟ್ಟು, "ಇದು ಏನು?" ಎಂದಳು.