ತುಕ್ಕಣ್ಣನ ಉಸಿರು

ಮೊದಲೇ ಹೇಳಿಬಿಡುತ್ತೇನೆ ಕೇಳಿ. ಈ ಕತೆಯಲ್ಲಿ ಹತ್ತು ವರ್ಷದ ಒಬ್ಬ ಹುಡುಗಿ ಒಂದೇ ಒಂದು ಡೈಲಾಗ್ ಹೊಡೆದು, ಮನೆ ತುಂಬ ಕೂತವರ ಬಾಯಿಗೆ ಬೀಗ ಜಡಿಯುತ್ತಾಳೆ. ನಿಮ್ಮ ಕ್ಲಾಸಿನಲ್ಲಿ ಎಂಥೆಂಥ ಹೀರೋಗಳಿದ್ದಾರೋ ಗೊತ್ತಿಲ್ಲ. ನಮ್ಮ ಹುಡುಗಿಯ ಮುಂದೆ ಅವರೆಲ್ಲ ಗುಂಪಿನಲ್ಲಿ ಗೋವಿಂದ. ಸೀಟಿ ಹೊಡೆಯುವವರು ಬೆರಳು ರೆಡಿ ಇಟ್ಟುಕೊಳ್ಳಿ.

"ತುಕ್ಕು ಹಿಡಿದಿರೋದು ಮೈಗೆ ಕಣೋ. ಮನಸ್ಸಿಗಲ್ಲ."

ಇದೇ ಅವಳ ಎಂಟ್ರಿ. ಶಾಲೆಯ ಮೆಟ್ಟಿಲ ತುದಿಯಲ್ಲಿ ನಿಂತು, ಗಂಟಲು ಗೊಗ್ಗರು ಮಾಡಿಕೊಂಡು, ಎಡಗಣ್ಣನ್ನು ಕೆಟ್ಟ ಟ್ಯೂಬ್‌ಲೈಟಿನಂತೆ ಪಿಳಿಪಿಳಿ ಮಾಡುತ್ತಾ ಹೇಳಿದಳು. ಕೆಳಗಿನ ಮೆಟ್ಟಿಲುಗಳಲ್ಲಿ ಕೂತಿದ್ದವರು ಚಪ್ಪಾಳೆ ತಟ್ಟಿದರು.

ಅವಳನ್ನು ಎಲ್ಲರೂ ಕರೆಯುವುದು ಮೈಕು ಎಂದು. ಕ್ಲಾಸಿನಲ್ಲಿ ಮಾತು, ಬಸ್ಸಿನಲ್ಲಿ ಮಾತು, ಹಲ್ಲುಜ್ಜುವಾಗಲೂ ಮಾತು. ಟೀವಿ ನೋಡುವಾಗ ಪಾತ್ರಗಳಿಗಿಂತ ಮೊದಲೇ ಅವರ ಮಾತನ್ನು ಇವಳು ಹೇಳಿ ಮುಗಿಸಿರುತ್ತಿದ್ದಳು.

ಅದರಲ್ಲೂ 'ಏಳನೇ ಕಕ್ಷೆ' ಎಂಬ ಸೀರಿಯಲ್ ಅವಳಿಗೆ ಬಾಯಿಪಾಠ. ಬೇರೆ ಭಾಷೆಯಲ್ಲಿ ತೆಗೆದು, ನಮ್ಮ ಮಾತಿಗೆ ಡಬ್ ಮಾಡಿದ ಸೀರಿಯಲ್ ಅದು. ಅದರಲ್ಲೊಂದು ಆಕಾಶನೌಕೆ. ನೌಕೆಯ ತಳದಲ್ಲಿ ಎಣ್ಣೆಡಬ್ಬಿ ಹಿಡಿದು ಓಡಾಡುವ ಮುದಿ ರೋಬೋ ತುಕ್ಕಣ್ಣ. ಅವನಿಗೆ ಒಂದು ಎಪಿಸೋಡಿಗೆ ಎರಡೋ ಮೂರೋ ಮಾತು, ಅಷ್ಟೇ. ಆದರೆ ಮಕ್ಕಳೆಲ್ಲ ಕಾಯುತ್ತಿದ್ದದ್ದು ಆ ಎರಡೋ ಮೂರೋ ಮಾತಿಗೇ.

ಈಗ ತುಕ್ಕಣ್ಣನದೇ ಬೇರೆ ಸೀರಿಯಲ್ ಬರುತ್ತಿತ್ತು. ಕ್ಯಾಪ್ಟನ್ ಇಲ್ಲ, ನೌಕೆ ಇಲ್ಲ. ಹಿಮದ ಗ್ರಹದಲ್ಲಿ ತುಕ್ಕಣ್ಣ ಒಬ್ಬನೇ. ಭಾನುವಾರ ಸಂಜೆ ಮೊದಲ ಎಪಿಸೋಡ್.

"ಅದೆಲ್ಲ ಸರಿ. ನಿಮ್ಮಪ್ಪಾನೇ ತುಕ್ಕಣ್ಣ ಅನ್ನೋದಕ್ಕೆ ಏನು ಪ್ರೂಫು?" ಲಾಯರ್ ಕೇಳಿದ. ಲಾಯರ್ ಎಂದರೆ ಅವಳ ಹಿಂದಿನ ಬೆಂಚಿನ ಹುಡುಗ. ಸಾಕ್ಷಿ ಇಲ್ಲದೆ ತನ್ನ ಹೋಂವರ್ಕನ್ನೂ ಒಪ್ಪಿಕೊಳ್ಳದವನು.

"ಡಬ್ಬಿಂಗ್ ಮಾಡೋದು ನಮ್ಮಪ್ಪಾನೇ. ಹಳೇ ಸೀರಿಯಲ್‌ನಲ್ಲೂ ಅವರೇ, ಹೊಸದರಲ್ಲೂ ಅವರೇ."

"ಎಲ್ಲರೂ ಹೀಗೇ ಹೇಳ್ತಾರಮ್ಮ. ನಮ್ಮ ಚಿಕ್ಕಪ್ಪ ಚಂದ್ರನ ಮೇಲೆ ಸೈಟ್ ತಗೊಂಡಿದ್ದಾರೆ, ಗೊತ್ತಾ?"

ಎಲ್ಲರೂ ನಕ್ಕರು. ಮೈಕು ನಗಲಿಲ್ಲ. "ಭಾನುವಾರ ನಮ್ಮನೆಗೆ ಬನ್ನಿ. ಎಲ್ಲರೂ. ಟೀವಿಲಿ ತುಕ್ಕಣ್ಣ, ಪಕ್ಕದ ಕುರ್ಚಿಲಿ ನಮ್ಮಪ್ಪ. ಕಿವಿ ಇದ್ದರೆ ಕೇಳಿಸ್ಕೊಂಡು ಹೋಗಿ."

"ಸುಳ್ಳಾದರೆ?"

"ಸುಳ್ಳಾದರೆ ನನ್ನನ್ನ ಮೈಕು ಅನ್ನಬೇಡಿ. ಡಬ್ಬಾ ಅನ್ನಿ."

ಮನೆಗೆ ಬಂದಾಗ ಅಪ್ಪ ಬಿಸಿನೀರು ಕುಡಿಯುತ್ತಿದ್ದ. ತಣ್ಣಗಿನದನ್ನು ಅವನು ಮುಟ್ಟುತ್ತಿರಲಿಲ್ಲ. ಗಂಟಲು ಕೆಟ್ಟರೆ ಅಂಗಡಿ ಮುಚ್ಚಿದ ಹಾಗೆ ಎನ್ನುತ್ತಿದ್ದ.

"ಅಪ್ಪಾ, ಭಾನುವಾರ ನನ್ನ ಫ್ರೆಂಡ್ಸ್ ಎಲ್ಲ ಬರ್ತಾರೆ. ನಿನ್ನ ನೋಡೋಕೆ."

ಅಪ್ಪ ಲೋಟವನ್ನು ಮೆಲ್ಲಗೆ ಕೆಳಗಿಟ್ಟ. "ನನ್ನ ನೋಡೋಕಾ? ನನ್ನಲ್ಲೇನಿದೆ ನೋಡೋಕೆ?"

"ನೀನು ತುಕ್ಕಣ್ಣ ಅಲ್ವಾ?"

"ಪುಟ್ಟಾ, ಆ ಹೊಸ ಸೀರಿಯಲ್ ಇದೆಯಲ್ಲ..."

"ಮೊದಲನೇ ಸೀನ್ ನನಗೆ ಹೇಳಲೇಬೇಡ. ಸಸ್ಪೆನ್ಸ್ ಹಾಳಾಗತ್ತೆ," ಎಂದು ಕಿವಿ ಮುಚ್ಚಿಕೊಂಡು ಅವಳು ಒಳಗೆ ಓಡಿದಳು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಅಮ್ಮನ ಮುಖ ನೋಡಿದ.

ಶನಿವಾರ ಅಮ್ಮನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ. ಮನೆಯಲ್ಲಿ ಮಗಳೊಬ್ಬಳನ್ನೇ ಬಿಡುವ ಹಾಗಿರಲಿಲ್ಲ. ಅಪ್ಪ ಅವಳನ್ನೂ ಸ್ಟುಡಿಯೋಗೆ ಕರೆದುಕೊಂಡು ಹೊರಟ.

ದಾರಿಯುದ್ದಕ್ಕೂ ಅವಳದೇ ಮಾತು. ತುಕ್ಕಣ್ಣನ ಎಣ್ಣೆಡಬ್ಬಿಗೆ ಯಾಕೆ ಮುಚ್ಚಳ ಇಲ್ಲ, ಅವನು ಕತ್ತಿಗೆ ಯಾಕೆ ಬೋಲ್ಟಿನ ಸರ ಹಾಕಿಕೊಳ್ಳುತ್ತಾನೆ, ಹಿಮದ ಗ್ರಹದಲ್ಲಿ ಅವನಿಗೆ ಯಾರು ಸಿಗಬಹುದು, ಎಲ್ಲಕ್ಕೂ ಅವಳ ಹತ್ತಿರ ಉತ್ತರವಿತ್ತು. ಅಪ್ಪ ಕಿಟಕಿಯಾಚೆ ನೋಡುತ್ತಾ ಹೂಂಗುಟ್ಟುತ್ತಿದ್ದ. ಸ್ಟುಡಿಯೋದ ದಪ್ಪ ಬಾಗಿಲ ಮುಂದೆ ನಿಂತು, "ಒಳಗೆ ಹೋಗೋ ಮುಂಚೆ ಒಂದು ಮಾತು," ಎಂದ. ಅಷ್ಟರಲ್ಲಿ ಬಾಗಿಲು ತೆರೆಯಿತು. "ಬನ್ನಿ ಸರ್, ನಿಮಗೇ ಕಾಯ್ತಿದ್ದೆ," ಎಂದು ಸೌಂಡ್ ಇಂಜಿನಿಯರ್ ಒಳಗೆ ಕರೆದ.

ಒಳಗೆ ಎರಡು ಕೋಣೆ, ನಡುವೆ ಗಾಜು. ಒಂದರ ಗೋಡೆಗಳಿಗೆಲ್ಲ ಹಾಸಿಗೆಯಂಥ ಮೆತ್ತೆ. ನಡುವೆ ಒಂದು ಮೈಕು, ಎದುರಿಗೆ ಪರದೆ. ಇನ್ನೊಂದರಲ್ಲಿ ಇಂಜಿನಿಯರ್, ಅವನ ಬಟನ್‌ಗಳು, ಈಗ ಒಂದು ಸ್ಟೂಲಿನ ಮೇಲೆ ನಮ್ಮ ಹುಡುಗಿ.

ಅಪ್ಪ ವಾಚ್ ಬಿಚ್ಚಿಟ್ಟ. ಜೇಬಿನ ಕೀಲಿ, ಚಿಲ್ಲರೆ ತೆಗೆದಿಟ್ಟ. ಚಪ್ಪಲಿಯನ್ನೂ ಹೊರಗೇ ಬಿಟ್ಟು ಮೈಕಿನ ಮುಂದೆ ನಿಂತ. ಅಲ್ಲಿ ಸಣ್ಣ ಸದ್ದೂ ಸಿಕ್ಕಿಬೀಳುತ್ತದೆ. ಅಪ್ಪನ ಒಗೆದು ಒಗೆದು ಹತ್ತಿಯಂತಾದ ಅಂಗಿ ಇಲ್ಲಿಗೆಂದೇ ಇಟ್ಟದ್ದು ಎಂದು ಅವಳಿಗೆ ಅವತ್ತೇ ತಿಳಿದದ್ದು.

ಕೆಂಪು ದೀಪ ಹತ್ತಿತು. ಪರದೆಯ ಮೇಲೆ ತುಕ್ಕಣ್ಣ ಹಿಮದ ಗುಡ್ಡ ಹತ್ತುತ್ತಿದ್ದ.

ಉಸಿರು ತಗಡಿನೊಳಗಿಂದ ಬಂದ ಹಾಗೆ ಕೇಳಿಸಲೆಂದು ಅಪ್ಪ ಖಾಲಿ ಡಬ್ಬವೊಂದನ್ನು ಬಾಯಿಯ ಹತ್ತಿರ ಹಿಡಿದ. ಮಾತಾಡಲಿಲ್ಲ. ಏದುಸಿರು ಬಿಟ್ಟ. ತುಕ್ಕಣ್ಣನ ಕಾಲು ಜಾರಿದರೆ ಅಪ್ಪನ ಮೊಣಕಾಲು ಬಾಗುತ್ತಿತ್ತು, ಗಂಟಲಿನಿಂದ 'ಹ್ಹಕ್' ಎಂದು ಬರುತ್ತಿತ್ತು. ತುಕ್ಕಣ್ಣ ಬಿದ್ದ. ಅಪ್ಪ ಹೊಟ್ಟೆ ಹಿಡಿದು ನರಳಿದ. ತುಕ್ಕಣ್ಣ ಎದ್ದು ಕೂತು ಆಕಾಶ ನೋಡಿದ. ಅಪ್ಪ ಒಂದು ಉದ್ದ ಉಸಿರು ಎಳೆದು, ಸ್ವಲ್ಪ ಹಿಡಿದು, ತುಂಬ ಮೆಲ್ಲಗೆ ಬಿಟ್ಟ.

ಆಮೇಲೆ ತುಕ್ಕಣ್ಣ ಬಾಯಿ ತೆರೆದ. "ಯಾರಾದರೂ ಇದ್ದೀರಾ?" ಎಂದ.

ಅಪ್ಪನ ತುಟಿ ಅಲ್ಲಾಡಿರಲಿಲ್ಲ. ದನಿಯೂ ಅಪ್ಪನದಲ್ಲ. ದೊಡ್ಡ ದನಿ, ಎಲ್ಲರಿಗೂ ಗೊತ್ತಿರುವ ದನಿ. ಬಸ್ ಸ್ಟ್ಯಾಂಡಿನ ಪೋಸ್ಟರುಗಳಲ್ಲೆಲ್ಲ ಕೈಕಟ್ಟಿ ನಿಂತಿರುವ ಸಿನಿಮಾ ಹೀರೋ ಒಬ್ಬನ ದನಿ.

"ಅಂಕಲ್, ಇದ್ಯಾರು ಮಾತಾಡ್ತಿರೋದು?" ಅವಳು ಕೇಳಿದಳು.

"ಹೀರೋ ಸಾಹೇಬ್ರು," ಇಂಜಿನಿಯರ್ ಬಟನ್ ತಿರುಗಿಸುತ್ತಲೇ ಹೇಳಿದ. "ಹೊಸ ಸೀರಿಯಲ್ ಅಲ್ವಾ, ಹೆಸರಿರೋರೇ ಬೇಕು ಅಂದ್ರು ಚಾನೆಲ್‌ನೋರು. ಅವರು ಬಂದು ಮಾತು ಹೇಳಿ ಹೋಗ್ತಾರೆ. ಏದುಸಿರು, ಕೆಮ್ಮು, ಬೀಳೋದು, ಏಳೋದು, ಇದಕ್ಕೆಲ್ಲ ಅವರಿಗೆಲ್ಲಿ ಟೈಮು? ರಿಯಾಕ್ಷನ್ ಅಂತೀವಿ ಇದಕ್ಕೆ. ಅದು ನಿಮ್ಮಪ್ಪನ ಪಾಲು. ಯಾಕೆ, ಮನೇಲಿ ಹೇಳಿಲ್ವಾ?"

ಮೈಕು ಗಾಜಿನ ಕಡೆ ತಿರುಗಿದಳು. ಅಲ್ಲಿ ಅಪ್ಪ ಮತ್ತೊಮ್ಮೆ ಬೀಳುತ್ತಿದ್ದ.

ವಾಪಸ್ ಬರುವಾಗ ಬಸ್ ಸ್ಟಾಪಿನಲ್ಲಿ ಇಬ್ಬರೇ. ತುಂಬ ಹೊತ್ತು ಬಸ್ ಬರಲಿಲ್ಲ.

"ಯಾಕೆ ಹೇಳ್ಲಿಲ್ಲ?" ಅವಳು ಕೇಳಿದಳು.

"ಹೇಳೋಣ ಅಂತಾನೇ ಇದ್ದೆ. ನೀನು ಅಷ್ಟು ಖುಷಿಯಾಗಿದ್ದೆ. ನಾಲಿಗೆ ಏಳಲಿಲ್ಲ."

"ಇದು ಬೇಡ ಅನ್ನಬೇಕಿತ್ತು ನೀನು."

"ಅಂದೆ. ಬೇಡ ಅಂತ ಹೇಳಿ ಬಾಗಿಲವರೆಗೂ ಬಂದೆ." ಅಪ್ಪ ರಸ್ತೆ ನೋಡುತ್ತಿದ್ದ. "ಇಷ್ಟು ವರ್ಷ ಅವನ ಜೊತೆ ಇದ್ದೀನಿ. ಪೂರ್ತಿ ಬಿಟ್ಟು ಬರೋಕೆ ಮನಸ್ಸಾಗಲಿಲ್ಲ ಪುಟ್ಟಾ."

"ನಾನು ಎಲ್ಲರಿಗೂ ಹೇಳಿಬಿಟ್ಟಿದ್ದೀನಿ, ನಮ್ಮಪ್ಪಾನೇ ತುಕ್ಕಣ್ಣ ಅಂತ. ಈಗ ನೋಡಿದ್ರೆ ನೀನು ಬರೀ ಗೊರಕೆ."

ಬಾಯಿ ಜಾರಿದ ಮಾತು. ಅಪ್ಪ ಕೋಪ ಮಾಡಿಕೊಳ್ಳಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಅವನು ಅವಳ ಬ್ಯಾಗನ್ನು ತನ್ನ ಹೆಗಲಿಗೆ ಹಾಕಿಕೊಂಡ. ಬಸ್ ಬಂತು. ಅವಳು ಹಿಂದಿನ ಸೀಟಿನಲ್ಲಿ ಕೂತಳು. ಅವನು ಮುಂದೆ.

ಭಾನುವಾರ ಯಾರೂ ಬರದಿರಲಿ ಎಂದು ಅವಳು ಬೇಡಿಕೊಂಡಳು. ಬೇಡ ಎಂದಾಗಲೇ ಬರುವವರು ನೆಂಟರು, ಫ್ರೆಂಡ್ಸ್. ಲಾಯರ್ ಬಂದ. ಸೋಡಾಬುಡ್ಡಿ ಕನ್ನಡಕದ ಗೆಳತಿ ಬಂದಳು. ಅವಳ ಹಿಂದೆ ಅರ್ಧ ಕ್ಲಾಸೇ ಬಂತು. ಚಪ್ಪಲಿಗಳು ಬಾಗಿಲಿನಿಂದ ಮೆಟ್ಟಿಲವರೆಗೆ ಬೆಳೆದವು. ಅಮ್ಮ ತಟ್ಟೆಯಲ್ಲಿ ಬಿಸ್ಕೆಟ್ ತಂದಿಟ್ಟಳು.

"ನಮಸ್ಕಾರ ತುಕ್ಕಣ್ಣಂಕಲ್," ಎಂದಳು ಸೋಡಾಬುಡ್ಡಿ. ಅಪ್ಪ ಸುಮ್ಮನೆ ನಕ್ಕ.

ಮೈಕು ರಿಮೋಟಿನ ಎರಡೂ ಸೆಲ್ ಕಿತ್ತು ಆಗಲೇ ದಿಂಬಿನ ಕೆಳಗೆ ಹಾಕಿದ್ದಳು. ಅಪ್ಪ ಬಟನ್ ಒತ್ತಿದ. ಮತ್ತೆ ಒತ್ತಿದ. ರಿಮೋಟನ್ನು ಅಂಗೈಯಲ್ಲಿ ತೂಗಿ ನೋಡಿದ. ಹಗುರವಾಗಿತ್ತು. ಮಗಳ ಕಡೆ ನೋಡಿದ. ಅವಳು ನೆಲ ನೋಡಿದಳು.

"ಸೆಲ್ ಹೋಗಿರಬೇಕು," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಅಪ್ಪ ತಾನೇ ಎದ್ದು ಹೋಗಿ ಟೀವಿಯ ಬಟನ್ ಒತ್ತಿದ.

ಹಿಮ ಸುರಿಯಿತು. ಎಣ್ಣೆಡಬ್ಬಿ ಹಿಡಿದು ತುಕ್ಕಣ್ಣ ಬಂದ. ಮಕ್ಕಳು ಓ ಎಂದರು. ತುಕ್ಕಣ್ಣ ಬಾಯಿ ತೆರೆದ. ದೊಡ್ಡ ದನಿ ಕೋಣೆ ತುಂಬಿತು.

"ಏ, ಇದು ಹೀರೋ ವಾಯ್ಸ್," ಎಂದು ಮೂಲೆಯಿಂದ ಯಾರೋ ಕೂಗಿದರು.

ಲಾಯರ್ ನಿಧಾನವಾಗಿ ಹಿಂದೆ ತಿರುಗಿದ. "ಇದು ನಿಮ್ಮಪ್ಪ ಅಲ್ಲ."

ಮೈಕುವಿನ ಕಿವಿ ಕೆಂಪಾಯಿತು.

"ಅಲ್ಲಪ್ಪ. ಮಾತು ಅವರದೇ," ಎಂದ ಅಪ್ಪ, ಹೋಂವರ್ಕ್ ಹೇಳಿಕೊಡುವಷ್ಟು ಶಾಂತವಾಗಿ. "ಹಳೇದರಲ್ಲಿ ನಾನು ಮಾಡ್ತಿದ್ದೆ. ಇವಳಿಗೂ ನಿನ್ನೆವರೆಗೆ ಗೊತ್ತಿರಲಿಲ್ಲ. ತಪ್ಪು ನಂದು. ನೋಡಿ, ನೋಡಿ, ಮುಂದೆ ಒಳ್ಳೇ ಸೀನ್ ಇದೆ."

"ಡಬ್ಬಾ," ಎಂದು ಯಾರೋ ಪಿಸುಗುಟ್ಟಿದರು. ಒಂದಿಬ್ಬರು ಕಿಸಕ್ಕೆಂದರು. ಮೈಕು ಗೋಡೆಗೆ ಅಂಟಿಕೊಂಡು ಕೂತಳು. ಈ ಎಪಿಸೋಡ್ ಮುಗಿದರೆ ಸಾಕು, ಎಲ್ಲರೂ ಹೋದರೆ ಸಾಕು ಎನ್ನಿಸುತ್ತಿತ್ತು.

ಪರದೆಯ ಮೇಲೆ ತುಕ್ಕಣ್ಣ ಹಿಮ ಕೆದಕುತ್ತಿದ್ದ. ಕೆಳಗೆ ಒಂದು ಕೈ ಸಿಕ್ಕಿತು, ಆಮೇಲೆ ಒಂದು ಮುಖ. ಅವನಂಥದೇ ಇನ್ನೊಂದು ಮುದಿ ರೋಬೋ. ಕಣ್ಣಿನ ದೀಪ ಆರಿತ್ತು. ತುಕ್ಕಣ್ಣ ತನ್ನ ಡಬ್ಬಿಯ ಎಣ್ಣೆಯನ್ನೆಲ್ಲ ಅದರ ಕೀಲುಗಳಿಗೆ ಸುರಿದ. ಏನೂ ಆಗಲಿಲ್ಲ. ಪಕ್ಕದಲ್ಲಿ ಕೂತ. ಈ ಸೀನಿನಲ್ಲಿ ಮಾತೇ ಇರಲಿಲ್ಲ. ಹಾಡೂ ಇಲ್ಲ, ಗಾಳಿಯೂ ಇಲ್ಲ.

ಇದ್ದದ್ದು ಉಸಿರು. ಒಳಗೆ ಎಳೆದುಕೊಂಡಾಗ ಎಲ್ಲೋ ಸಿಕ್ಕಿಕೊಳ್ಳುತ್ತಿತ್ತು. ಬಿಡುವಾಗ ನಡುಗುತ್ತಿತ್ತು. ಒಂದು ಸಲ ನಿಂತೇಹೋಯಿತು. ಸೋಡಾಬುಡ್ಡಿ ಬಿಸ್ಕೆಟ್ಟನ್ನು ಬಾಯಿಯ ಹತ್ತಿರ ಹಿಡಿದವಳು ಹಾಗೇ ಇದ್ದಳು. ಮತ್ತೆ ಉಸಿರು ಬಂತು, ಮೊದಲಿಗಿಂತ ಸಣ್ಣದಾಗಿ.

"ಪಾಪ," ಎಂದ ಲಾಯರ್. ಯಾರಿಗೂ ಹೇಳಿದ್ದಲ್ಲ. ಸಾಕ್ಷಿಯನ್ನೂ ಕೇಳಲಿಲ್ಲ. ಮೂಗು ಒರೆಸಿಕೊಂಡ.

ಮೈಕು ಅಪ್ಪನ ಕಡೆ ನೋಡಿದಳು. ಅಪ್ಪ ಟೀವಿ ನೋಡುತ್ತಿರಲಿಲ್ಲ. ನೆಲದ ಮೇಲೆ ಕೂತ ಮಕ್ಕಳ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ, ಪರೀಕ್ಷೆ ಬರೆದ ಹುಡುಗ ಮೇಷ್ಟ್ರ ಮುಖ ನೋಡುವ ಹಾಗೆ.

ಈಗ ಆ ಡೈಲಾಗ್ ಬರಬೇಕು. ನನಗೆ ಗೊತ್ತು, ನೀವು ಬೆರಳು ಬಾಯಿಯಲ್ಲಿಟ್ಟುಕೊಂಡು ಕಾಯುತ್ತಿದ್ದೀರಿ. ಅವಳು ಎದ್ದು ನಿಲ್ಲಬೇಕು, ಕೂದಲು ಹಿಂದಕ್ಕೆ ತಳ್ಳಬೇಕು, 'ಮಾತು ಯಾರ ಬಾಯಲ್ಲಾದರೂ ಬರತ್ತೆ ಕಣೋ ಲಾಯರ್, ಉಸಿರು ಮಾತ್ರ ನಮ್ಮಪ್ಪಂದು' ಅನ್ನಬೇಕು. ಆ ಡೈಲಾಗನ್ನು ನಾನೇ ಕೂತು ಬರೆದದ್ದು. ನಿಜವಾಗಿ ನಡೆದದ್ದು ಅದಲ್ಲ. ಬೀಗ ಯಾರ ಬಾಯಿಗೂ ಬೀಳಲಿಲ್ಲ. ಸೋಮವಾರ ಕ್ಲಾಸಿನಲ್ಲಿ ಇಬ್ಬರು ಅವಳನ್ನು ಡಬ್ಬಾ ಎಂದು ಕರೆದೇ ಕರೆದರು.

ಅವಳು ಬಾಯಿ ತೆರೆದದ್ದು ಮಾತ್ರ ನಿಜ. 'ಅದು ನಮ್ಮಪ್ಪ' ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ತುಕ್ಕಣ್ಣ ಆ ಉದ್ದ ಉಸಿರನ್ನು ಎಳೆದುಕೊಂಡ. ಸ್ವಲ್ಪ ಹಿಡಿದ. ತುಂಬ ಮೆಲ್ಲಗೆ ಬಿಡತೊಡಗಿದ.

ಮೈಕು ಬಾಯಿ ಮುಚ್ಚಿಕೊಂಡಳು. ಈಗ ಮಾತಾಡಿದರೆ ಅಪ್ಪ ಕೇಳಿಸುತ್ತಿರಲಿಲ್ಲ.