ಫ್ರೆಂಚ್ ಬಾಯಿಯ ಹಾಡಿಗೆ ಬಿದ್ದ ತೂತು

ರಾಜೇಶ್ವರಿ ಟೀಚರು ಚಪ್ಪಲಿಯನ್ನೂ ಬಿಡದೆ ಪಡಸಾಲೆಗೆ ಬಂದು, ಸೆರಗಿನಲ್ಲಿ ಸುತ್ತಿಕೊಂಡಿದ್ದ ಕ್ಯಾಸೆಟ್ಟನ್ನು ದೇವಕ್ಕನ ಮುಂದಿಟ್ಟಾಗ ಅನ್ನಪೂರ್ಣಾಗೆ ಮೊದಲು ಆದದ್ದು ಸಂತೋಷ. ನಾಚಿಕೆ ಆಮೇಲೆ ಬಂತು.

"ಕೊಂದಾರ್ರಿ ಅಕ್ಕಾರ," ಎಂದಳು ರಾಜೇಶ್ವರಿ. "ಹಾಡಿನ ಕುತಿಗಿ ಹಿಚುಕ್ಯಾರ."

ಸುರೇಬಾನದಲ್ಲಿ ಏನು ಕಳೆದರೂ, ಯಾರ ಮೇಲೆ ಸಂಶಯ ಬಂದರೂ ಜನ ಬರುತ್ತಿದ್ದುದು ದೇವಕ್ಕನ ಬಾಗಿಲಿಗೆ. ಯರಗಟ್ಟಿಯ ಮದುವೆಯಲ್ಲಿ ಅದಲುಬದಲಾದ ನತ್ತನ್ನು ಊಟದ ಪಂಕ್ತಿ ಏಳುವುದರೊಳಗೆ ಹುಡುಕಿಕೊಟ್ಟವಳು ಅವಳು. ಅವಳ ತಂಗಿಯ ಮಗಳು ಅನ್ನಪೂರ್ಣಾ ಎಲ್ಲ ಕಡೆಗೂ ಜೊತೆಗೆ ಹೋಗುವವಳು. ಸಂಜೆಯಾದರೆ ಅಜ್ಜಿ ಹೇಳಿದ ರಾಜಕುಮಾರಿಯರ ಕತೆಗಳನ್ನು ಅನ್ನಪೂರ್ಣಾ ಹೇಳುವುದು, ದೇವಕ್ಕ ಹೂಂಗುಟ್ಟುವುದು, ಹೀಗೆ ನಡೆದಿತ್ತು. ತೊಂಬತ್ತೇಳರ ದೀಪಾವಳಿಯ ಹೊತ್ತಿಗೆ ಆ ಕ್ಯಾಸೆಟ್ಟು ಊರಿಗೆ ಬಂತು. ಅಂದಿನಿಂದ ದೇವಕ್ಕನ ಸಂಜೆಗಳೆಲ್ಲ ರಾಜೇಶ್ವರಿಯ ಮನೆಯ ಪಾಲಾದವು.

ಪುದುಚೇರಿಗೆ ಮದುವೆಯಾಗಿ ಹೋದ ಗೆಳತಿ ಕಳಿಸಿದ ಕ್ಯಾಸೆಟ್ಟದು. ಹಾಡಿದವಳ ಹೆಸರು ಯಾರ ನಾಲಿಗೆಗೂ ಹೊರಳದ ಕಾರಣ ಎಲ್ಲರೂ ಅವಳನ್ನು 'ಫ್ರೆಂಚ್ ಬಾಯಿ' ಎನ್ನುತ್ತಿದ್ದರು. ಹಾಡು ಮಾತಿನಿಂದ ಶುರುವಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳು ಮಾತನ್ನು ಬಿಟ್ಟುಬಿಡುತ್ತಿದ್ದಳು. ಬರೀ 'ಆ' ಎಂಬೊಂದು ದನಿ ಮೊರದಲ್ಲಿ ಕೇರಿದ ಜೋಳದಂತೆ ಮೇಲೆ ಹಾರಿ, ಒಂದೊಂದು ಕಾಳೂ ಬೇರೆ ಬೇರೆಯಾಗಿ ಕೇಳಿ, ಮತ್ತೆ ಒಂದೂ ಚೆಲ್ಲದೆ ಮೊರಕ್ಕೇ ಇಳಿಯುತ್ತಿತ್ತು. ನಡುವೆ ಒಂದು ಕಡೆ ವಾದ್ಯಗಳೆಲ್ಲ ಸುಮ್ಮನಾಗಿ, ಅವಳು ತನ್ನಷ್ಟಕ್ಕೆ ತಾನು ಎಂಬಂತೆ ತಗ್ಗಿದ ದನಿಯಲ್ಲಿ ಗುನುಗುತ್ತಿದ್ದಳು. ಕೊನೆಗೆ ಏರಿ ಏರಿ, ಇನ್ನು ದಾರಿಯೇ ಇಲ್ಲ ಎನ್ನುವಲ್ಲಿ ಇನ್ನೂ ಒಂದು ಮೆಟ್ಟಿಲು ಹತ್ತಿಬಿಡುತ್ತಿದ್ದಳು. ಕೇಳುವವರು ಚಪ್ಪಾಳೆ ತಟ್ಟುತ್ತಿದ್ದುದು ಅಲ್ಲಿಗೆ. ಅನ್ನಪೂರ್ಣಾ ಕೂಡ ತಟ್ಟುತ್ತಿದ್ದಳು, ಹೊಟ್ಟೆಯಲ್ಲಿ ಖಾರ ಅರೆದುಕೊಂಡೇ. ತನ್ನ ಯಾವ ರಾಜಕುಮಾರಿಗೂ ದೇವಕ್ಕನ ಬಾಯನ್ನು ಹಾಗೆ ತೆರೆಸಲು ಆಗಿರಲಿಲ್ಲ.

"ಐತವಾರ ಸಂಜಿಕ ನೀವೂ ಇದ್ರಲ್ಲರಿ, ಛಲೋ ಇತ್ತು," ರಾಜೇಶ್ವರಿ ಹೇಳಿದಳು. "ನಿನ್ನಿ ಸೋಮವಾರ ಸಂಜಿಕ ಹಾಕಿದ್ರ ನಡುವಿಂದು ಇಲ್ಲ. ಬರೇ ಸುಂಯ್ ಅಂತೈತಿ. ಅಳಿಸಿದಾಕಿ ಸಿಮ್ರನ, ನನಗ ಗೊತ್ತೈತಿ."

ಸಿಮ್ರನ ಲಾರಿ ಡ್ರೈವರ್ ಮೆಹಬೂಬಸಾಬನ ಮಗಳು, ರಾಜೇಶ್ವರಿಯ ಬಳಿ ಹಾಡು ಕಲಿಯುವವಳು. ಮುಂಜಾನೆಯ ಬಸ್ಸಿಗೆ ರಾಮದುರ್ಗದ ಕಾಲೇಜಿಗೆ ಹೋಗಿ ಊಟದ ಹೊತ್ತು ಮೀರಿದ ಮೇಲೆ ಬರುತ್ತಿದ್ದಳು.

"ಆಕಿನ ಅಂತ ಹೆಂಗ ಹೇಳ್ತಿ?"

"ಮಧ್ಯಾಹ್ನ ಬಂದು ನಮ್ಮ ಮನ್ಯಾಗ ಒಬ್ಬಾಕಿನ ಹಾಡ್ಕೋತ ಕುಂತಿದ್ಲು. ಈ ಕಂಪನಿ ಕ್ಯಾಸೆಟ್ಟಿನ ಮ್ಯಾಲ ಮತ್ತೊಂದು ತುಂಬಬಾರದಂತ ಇಲ್ಲಿ ತೂತು ಇಟ್ಟಿರ್ತಾರ್ರಿ. ಅದಕ್ಕ ಕಾಗದ ತುರುಕ್ಯಾರ. ಆಕಿ ಅಣ್ಣ ಜುನೇದ್‌ನ ಟೇಪ್ ರಿಪೇರಿ ಅಂಗಡಿ ಐತಿ, ಆಕಿಗೆ ತಿಳೀಲಾರದ್ದೇನ? ಬಾಯಿನ್ನ ಹೊಗಳಿದ್ರ ಮಾರಿ ಸಣ್ಣದು ಮಾಡ್ತಿದ್ಲು. ನಾಳಿಂದ ಬರಬ್ಯಾಡ ಅಂದೇನಿ."

"ಮೆಹಬೂಬಸಾಬ ಏನಂದ?"

ರಾಜೇಶ್ವರಿ ಕ್ಯಾಸೆಟ್ಟನ್ನು ನೋಡುತ್ತ ಹೇಳಿದಳು: "ಕಳ್ಳಿ ಅನಿಸ್ಕೊಳ್ಳೂ ಹಾಡು ಸಾಕು, ಬ್ಯಾಸಿಗ್ಯಾಗ ನಿಖಾ ಮಾಡತೇನಿ ಅಂದಾನಂತ."

ದೇವಕ್ಕ ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡಳು. "ನಡಿ ಅನ್ನಪೂರ್ಣಾ. ನಿನ್ನ ಮಾರಿ ಮ್ಯಾಲಿನ ಸಂತೋಷ ಇಲ್ಲೇ ಇಟ್ಟು ಬಾ."

ರಾಜೇಶ್ವರಿಯ ಅತ್ತೆ ಕೆಂಪವ್ವ ಕಟ್ಟೆಯ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಪಕ್ಕದ ಹಣಮಂತಪ್ಪನ ಗಿರಣಿ ಸದ್ದಿಲ್ಲದೆ ನಿಂತಿತ್ತು.

"ಆ ಚೀರೂ ಹೆಂಗಸಿನ ಸಲುವಾಗಿ ಪಂಚಾಯ್ತಿ ಏನ್ರಿ," ಎಂದಳು ಕೆಂಪವ್ವ. "ನನ್ನ ಕಾಲಿಂದು ಯಾರೂ ಕೇಳವಲ್ರು. ಈ ವಾರ ತ್ರೀ ಫೇಜ್ ಕರೆಂಟ್ ಬರೇ ಮುಂಜಾನೆ ಕೊಡಾಕ ಹತ್ಯಾರ. ಅದಿಲ್ದ ಗಿರಣಿ ತಿರಗೂದಿಲ್ಲ. ನಿನ್ನಿ ಸೊಸಿ ಸಾಲಿಗೆ ಹೋದಾಗಿಂದ ಉಣ್ಣೂ ಹೊತ್ತಿನ ತನಕ ಗಿರಣ್ಯಾಗ ನಿಂತು ಜ್ವಾಳಾ ಬೀಸಿಸ್ಕೊಂಡು ಬಂದೇನಿ."

"ಟೇಪ್ ಹಚ್ಚಾಕ ನಿಮಗ ಬರತೈತೇನ್ರಿ?"

"ಬಂದಿದ್ರ ಪೂರಾ ಅಳಿಸ್ತಿದ್ದೆ. ಅರ್ಧಾ ಯಾಕ ಬಿಡ್ತಿದ್ದೆ?"

ಒಳಗೆ ರಾಜೇಶ್ವರಿಯ ಗಂಡ ವಿರೂಪಾಕ್ಷ ಟೇಪಿನ ಪಕ್ಕದ ಕುರ್ಚಿಯಲ್ಲಿದ್ದ. ಬೀಜ-ಗೊಬ್ಬರದ ಅಂಗಡಿ ಅವನದು. ಮದುವೆಗೆ ಮುಂಚೆ ನಾಟಕದ ಹಾಡುಗಳಿಗೆ ಸುತ್ತ ಹತ್ತು ಹಳ್ಳಿಯಲ್ಲಿ ಹೆಸರಾಗಿದ್ದವನು. ಈಗಲೂ ಭಜನೆಯಲ್ಲಿ ಮೊದಲ ದನಿ ಅವನದೇ.

"ಸೋಮವಾರ ಯಾರೂ ಎತ್ತು ಹೂಡೂದಿಲ್ಲ, ಬೀಜಾ ಕೇಳಾವರೂ ಇರೂದಿಲ್ಲ," ಎಂದ. "ಉಂಡ ಮ್ಯಾಲ ಅಂಗಡಿ ತೆಗಿಯಾಕ ಹೋದೆ. ಆಮ್ಯಾಲ ಆ ಹುಡುಗಿ ಬಂದಾಳ. ಪಾಪ, ಸಣ್ಣ ಹುಡುಗಿ, ಬಿಟ್ಟುಬಿಡ್ರಿ ಅಕ್ಕಾರ. ಆದ್ರ ನಮ್ಮಾಕಿ ಕಣ್ಣ ಮುಚ್ಚಿ ಕೇಳೂ ಜಾಗಾನ ಹೋತು ನೋಡ್ರಿ, ಅದಕ್ಕ ಸಂಕಟ."

ದೇವಕ್ಕ ಕ್ಯಾಸೆಟ್ಟು ಹಾಕಿಸಿದಳು. ಹಾಡು ಬಂತು, ಏರಿತು, ತಟ್ಟನೆ ಕಡಿದುಹೋಯಿತು. ಖಾಲಿ ಜಾಗ ಬಂದಾಗ ಅವಳು ದನಿಯನ್ನು ಪೂರ್ತಿ ಏರಿಸಿ ಸ್ಪೀಕರಿಗೆ ಕಿವಿಯಿಟ್ಟಳು. ಅನ್ನಪೂರ್ಣಾಗೂ ಕೇಳಿತು: ಸುಂಯ್ ಎನ್ನುವುದರ ಹಿಂದೆ, ದೂರದಲ್ಲಿ, ದಡ್ ದಡ್ ದಡ್. ಟೇಪಿನ ಮೋಟರೇ ಇರಬೇಕು ಎಂದುಕೊಂಡಳು. ಆಮೇಲೆ ಕೊನೆಯ ಏರು ಏನೂ ಆಗಿಲ್ಲವೆಂಬಂತೆ ಬಂತು, ಆ ಒಂದು ಮೆಟ್ಟಿಲೂ ಬಂತು.

"ಈ ಹಾಡಿನ್ಯಾಗ ನಿನಗ ಯಾವುದು ಹೆಚ್ಚು ಸೇರತೈತಿ?" ದಾರಿಯಲ್ಲಿ ದೇವಕ್ಕ ಕೇಳಿದಳು.

"ಕಡೀದು. ಎಲ್ಲಾರಿಗೂ ಅದ."

"ಹೌದಲ್ಲ. ಹೊಟ್ಟಿಕಿಚ್ಚಿಗೆ ಅಳಿಸಾವ್ರು ಕಡೀದು ಬಿಟ್ಟು ನಡುವಿಂದು ಯಾಕ ಅಳಿಸಿದ್ರು?"

ತಾನೇ ಅಳಿಸಿದ್ದರೆ ಆ ಮೆಟ್ಟಿಲನ್ನೇ ಕಿತ್ತು ಹಾಕುತ್ತಿದ್ದೆ ಎಂಬುದು ಅನ್ನಪೂರ್ಣಾಗೆ ಖಾತ್ರಿಯಿತ್ತು.

ಸಂಜೆ ದೇವಕ್ಕ ಎಲ್ಲರನ್ನೂ ರಾಜೇಶ್ವರಿಯ ಪಡಸಾಲೆಗೆ ಕರೆಸಿದಳು. "ದಿನಾ ಎಲ್ಲಿ ಕುಂದರ್ತೀರಿ, ಅಲ್ಲೇ ಕುಂತ್ರಿ," ಎಂದಳು. ಸಿಮ್ರನ ಬಾಗಿಲ ಬಳಿ ದುಪಟ್ಟಾ ಬಿಗಿಹಿಡಿದು ನಿಂತಳು. ಮೆಹಬೂಬಸಾಬ ಒಳಗೆ ಬಾರದೆ ಹೊರಗಿನ ಕಟ್ಟೆಯಲ್ಲೇ ಕೂತ.

ದೇವಕ್ಕ ಖಾಲಿ ಜಾಗವನ್ನು ಮತ್ತೆ ಹಚ್ಚಿದಳು. "ದಡ್ ದಡ್ ಅಂತೈತಿ, ಕೇಳಿದ್ರೇನು? ಹಣಮಂತಪ್ಪನ ಗಿರಣಿ. ಟೇಪಿಗೆ ಮೈಕ್ ಒಳಗ ಇರತೈತಿ. ಬಾಯಿನ ದನಿ ಅಳಿಸಿದಾವ್ರು ಗಿರಣಿ ದನಿ ತುಂಬಿ ಹೋಗ್ಯಾರ. ಐತವಾರ ಸಂಜಿಕ ಹಾಡು ಛಲೋ ಇತ್ತು, ಸೋಮವಾರ ಸಂಜಿಕ ಇಲ್ಲ. ಅದರ ನಡುವ ಗಿರಣಿ ತಿರುಗಿದ್ದು ಸೋಮವಾರ ಮುಂಜಾನೆ ಅಷ್ಟ. ಅವಾಗ ಸಿಮ್ರನ ರಾಮದುರ್ಗದಾಗ. ಆಕಿ ಬರೂದರಾಗ ತ್ರೀ ಫೇಜ್ ಹೋಗಿ ಗಿರಣಿ ನಿಂತಿತ್ತು."

ಹೊರಗೆ ಮೆಹಬೂಬಸಾಬ ಕೆಮ್ಮಿದ.

"ರಾಜೇಶ್ವರಿ ಸಾಲ್ಯಾಗ. ಕೆಂಪವ್ವ ಗಿರಣ್ಯಾಗ. ಮನ್ಯಾಗ ಉಳಿದಾವ್ರು ಒಬ್ರ."

ವಿರೂಪಾಕ್ಷ ನಕ್ಕ. "ನಾನಾ? ಬಾಯಿನ್ನ ಎಲ್ಲಾರಿಗಿಂತ ಹೆಚ್ಚು ಹೊಗಳಾಂವ ನಾನು."

"ಹೊಗಳ್ತೀರಿ. ಆದ್ರ ಕೇಳೂದಿಲ್ಲ." ದೇವಕ್ಕ ಕೈ ಬೀಸಿ ಕೂತವರನ್ನು ತೋರಿಸಿದಳು. "ನಾವೆಲ್ಲಾ ಟೇಪಿನ ಕಡೆ ಮಾರಿ ಮಾಡಿ ಕುಂತೇವಿ. ನಮ್ಮ ಕಡೆ ಮಾರಿ ಮಾಡಿ ಕುಂತಾವ್ರು ನೀವೊಬ್ರ. ರಾಜೇಶ್ವರಿ, ನಡುವ ಬಾಯಿ ಗುನುಗೂವಾಗ ಕಣ್ಣ ಮುಚ್ಚತೇನಿ ಅನ್ನೂದು ನಿನಗ ಗೊತ್ತಿತ್ತೇನು?"

"ಇಲ್ರಿ," ಎಂದಳು ರಾಜೇಶ್ವರಿ.

"ನನಗೂ ಗೊತ್ತಿದ್ದಿಲ್ಲ. ಬಾಜೂಕ ಕುಂತ ಅನ್ನಪೂರ್ಣಾಗೂ ಇಲ್ಲ. ಇವರಿಗಷ್ಟ ಗೊತ್ತಿತ್ತು, ಆಗಳೆ ತಾವ ಬಾಯಿಬಿಟ್ಟು ಅಂದ್ರು. ಹಾಡಿನ ಮ್ಯಾಲ ಸಿಟ್ಟಿದ್ದಾವ್ರು ಕಡೀದು ಅಳಿಸ್ತಿದ್ರು. ಇದನ್ನ ಅಳಿಸಿದಾವ್ರಿಗೆ ಹಾಡಿನ ಮ್ಯಾಲ ಸಿಟ್ಟಿಲ್ಲ, ಆ ಮುಚ್ಚಿದ ಕಣ್ಣಿನ ಮ್ಯಾಲ."

ವಿರೂಪಾಕ್ಷ ಕುರ್ಚಿಯನ್ನು ಟೇಪಿನಿಂದ ಹಿಂದಕ್ಕೆ ಸರಿಸಿದ.

"ಮೊದಲ ನಾ ಹಾಡಿದ್ರ ಆಕಿ ಹಂಗ ಕಣ್ಣ ಮುಚ್ಚತಿದ್ಲು," ಎಂದ. "ಮದಿವ್ಯಾದ ಹೊಸದಾಗಿ. ಈಗ ನಾ ಹಾಡಿದ್ರ ಅಡಗಿಮನಿಗೆ ಹೋಗ್ತಾಳ. ಊರಾಗ ಯಾವನರ ಗಂಡಸಾಗಿದ್ರ ಜಗಳಾ ತೆಗೀತಿದ್ದೆ. ಎಲ್ಲೋ ಇರೂ ಹೆಂಗಸಿನ ಕೂಡ ಏನಂತ ಜಗಳಾಡ್ಲಿ?"

ಕೆಂಪವ್ವ ಬಾಯಿಗೆ ಸೆರಗು ಹಿಡಿದಳು. ನಗೆಯೋ ಅಳುವೋ ತಿಳಿಯಲಿಲ್ಲ.

"ಆ ಹುಡುಗಿ ಮ್ಯಾಲ ಅಪವಾದ ಬಂದಾಗ ಸುಮ್ಮ ಕುಂತ್ರಲ್ಲ," ಎಂದಳು ದೇವಕ್ಕ. "ತಪ್ಪು ಅದು. ಹಾಡು ಅಳಿಸಿದ್ದಲ್ಲ."

ಸಿಮ್ರನ ಬಾಗಿಲಲ್ಲೇ ನಿಂತು ಕೇಳಿದಳು: "ಸರ್ ಸುಮ್ಮಿದ್ರು, ಇರ್ಲಿ. ನನ್ನ ಹೆಸರು ತೆಗದಾವ್ರು ನೀವಲ್ರಿ ಟೀಚರ್. ಮೊದಲ ನಾನ ಯಾಕ ನೆನಪಾದೆ?"

ಅನ್ನಪೂರ್ಣಾ ದೇವಕ್ಕನನ್ನು ನೋಡಿದಳು. ಇದಕ್ಕೂ ಉತ್ತರ ಅವಳ ಬಳಿ ಇದೆ ಎಂದು ಮುಖವೇ ಹೇಳುತ್ತಿತ್ತು. ಆದರೆ ದೇವಕ್ಕ ರಾಜೇಶ್ವರಿಯತ್ತಲೇ ನೋಡುತ್ತಿದ್ದಳು.

ರಾಜೇಶ್ವರಿ ಎದ್ದು ನಿಂತಳು.

"ಹೋದ ವಾರ ನೀ ಹಿತ್ತಲದಾಗ ಒಬ್ಬಾಕಿನ ಇದನ್ನ ಹಾಡಾಕ ಹತ್ತಿದ್ದಿ," ಎಂದಳು. "ಕಡೀದು ಸೈತ. ಒಮ್ಮೆನೂ ತಪ್ಪಲಿಲ್ಲ. ನಾ ಬಾಗಲಾ ಹಾಕ್ಕೊಂಡು ಒಂದು ತಿಂಗಳು ಹಾಡಿ ನೋಡೇನಿ, ಅದರ ಅರ್ಧಕ್ಕೂ ಮುಟ್ಟಿಲ್ಲ. ಬಾಯಿ ದೂರ ಅದಾಳ, ಆಕಿನ್ನ ಹೊಗಳಾಕ ಏನೂ ಅನಸೂದಿಲ್ಲ. ನೀ ನನ್ನ ಹಿತ್ತಲದಾಗ ಇದ್ದಿ."

ವಿರೂಪಾಕ್ಷ ಹೆಂಡತಿಯ ಮುಖವನ್ನು ಹೊಸದಾಗಿ ಕಂಡವನಂತೆ ನೋಡಿದ.

"ಹಂಗಾರ ಮತ್ತ ಯಾರ ಕಡೆ ಕಲೀಲಿ ನಾನು?" ಸಿಮ್ರನ ಕೇಳಿದಳು.

"ಧಾರವಾಡಕ್ಕ ಕರಕೊಂಡು ಹೋಗತೇನಿ, ನನ್ನ ಗುರುಗಳ ಕಡೆ. ನನ್ನ ಕಡೆ ಇದ್ದದ್ದೆಲ್ಲಾ ಮುಗದೈತಿ. ಅದನ್ನ ಒಪ್ಪಲಾರದ ನಿನಗ ಕಳ್ಳಿ ಅಂದೆ."

ಅಷ್ಟು ಹೇಳಿ ಅವಳು ಬರಿಗಾಲಿನಲ್ಲೇ ಹೊಸ್ತಿಲು ದಾಟಿ, ಕಟ್ಟೆಯ ಮೇಲಿದ್ದ ಮೆಹಬೂಬಸಾಬನ ಎದುರು ನಿಂತಳು. ಅವನು ಗಡಬಡಿಸಿ ಎದ್ದ.

"ಕುಂತ್ರಿ ಸಾಹೇಬ್ರ," ಎಂದಳು ರಾಜೇಶ್ವರಿ. "ಇವತ್ತ ನಾ ನಿಂತು ಮಾತಾಡಬೇಕಾಗೈತಿ."