ಕೆಂಪು ಲ್ಯಾಂಪ್ ಬಂದಿತ್ತು

"ಸುಳ್ಳು ಹೇಳಬೇಡ. ನೀನು ಎಣ್ಣೆ ನೋಡೇ ಇಲ್ಲ," ಎಂದಳು ಅಮ್ಮ.

"ನೋಡಿದೀನಿ."

"ನೋಡಿದ್ರೆ ಕಾರು ಯಾಕೆ ಹೀಗೆ ನಡುರಸ್ತೆಯಲ್ಲಿ ನಿಲ್ತಿತ್ತು?"

ಮೆಣಸು, ಬಾಯಿ ತೆರೆದರೆ ಏನೇನು ಹೊರಗೆ ಬರುತ್ತದೋ ಎಂದು ತುಟಿ ಕಚ್ಚಿಕೊಂಡು ಕೂತಳು. ಆ ಅಡ್ಡಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ. ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನೆಯವರೆಲ್ಲ ಸೇರಿ ಇಟ್ಟದ್ದು. ಆದರೆ ಇವತ್ತಿನ ಸಿಟ್ಟಿಗೆ ಕಾರಣವಿತ್ತು. ಅವಳು ನಿಜವಾಗಿಯೂ ನೋಡಿದ್ದಳು.

ಕಾರು ತೀರಾ ಹಳೆಯದು, ಅಮ್ಮನಿಗಿಂತ ಸ್ವಲ್ಪವೇ ಚಿಕ್ಕದು. ಹಿಂದಿನ ಸೀಟು ಕಿತ್ತುಹಾಕಿ, ಅಲ್ಲಿ ಟ್ರೇಗಳನ್ನು ಜೋಡಿಸಿ, ಅಮ್ಮ ದಿನಾ ಬೆಳಿಗ್ಗೆ ಅಂಗಡಿ ಅಂಗಡಿಗೆ ಬೇಕರಿಯ ಬ್ರೆಡ್ ಹಂಚುತ್ತಿದ್ದಳು. ಅದೇ ದಾರಿಯಲ್ಲಿ ಮೆಣಸನ್ನು ಸ್ಕೂಲಿಗೆ ಬಿಡುತ್ತಿದ್ದಳು. ಹಳೆ ಎಂಜಿನ್ ಎಣ್ಣೆ ಕುಡಿಯುತ್ತದೆ, ಹಾಗಾಗಿ ಹೊರಡುವ ಮೊದಲು ನೋಡಲೇಬೇಕು. ಆ ಕೆಲಸ ಮೆಣಸಿನದು. ಬಾನೆಟ್ ಎತ್ತಿ, ಉದ್ದನೆಯ ಕಡ್ಡಿ ಹೊರಗೆಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆಯಬೇಕು. ಕಡ್ಡಿಯ ಎರಡು ಗೀಟುಗಳ ನಡುವೆ ಎಣ್ಣೆ ಇದ್ದರೆ ಸರಿ. ಇವತ್ತೂ ಇತ್ತು.

ಅಷ್ಟೇ ಅಲ್ಲ. ಮಾರ್ಕೆಟ್ ತಿರುವಿನಲ್ಲಿ, ಸ್ಟೀರಿಂಗ್ ಹಿಂದಿನ ಕೆಂಪು ಲ್ಯಾಂಪ್ ಮಿಣುಕಿತ್ತು. ಅದರ ಮೇಲೆ ಎಣ್ಣೆ ಡಬ್ಬಿಯ ಪುಟ್ಟ ಚಿತ್ರವಿದೆ. ಮೆಣಸು ಅದನ್ನು ತೋರಿಸಿದ್ದಳು. ವಯರ್ ಹಳೆಯದು, ಅದು ಹಾಗೇ ಮಿಣುಕುತ್ತೆ, ಸುಮ್ಮನೆ ಕೂತ್ಕೋ ಎಂದು ಅಮ್ಮ ಗದರಿದ್ದಳು. ಆಮೇಲೆ ಲ್ಯಾಂಪ್ ಆರಲೇ ಇಲ್ಲ. ಇನ್ನೆರಡು ಅಂಗಡಿ ಮುಗಿಯಲಿ ಎಂದು ಅಮ್ಮ ಓಡಿಸುತ್ತಲೇ ಹೋದಳು. ಎಂಜಿನ್ ಟಕಟಕ ಬಡಿದುಕೊಳ್ಳತೊಡಗಿದ ಮೇಲೇ ನಿಲ್ಲಿಸಿದ್ದು. ಈಗ ನೋಡಿದರೆ ತಪ್ಪೆಲ್ಲ ಮೆಣಸಿನ ತಲೆಗೆ.

ಫೋನ್ ಮಾಡಿದ ಮೇಲೆ ದೊಡ್ಡಮಾವ ಜೀಪು ತಂದ. ಅವನು ಅಮ್ಮನ ಅಣ್ಣ, ಗ್ಯಾರೇಜ್ ಇಟ್ಟಿರುವವನು. ಈ ಕಾರನ್ನು ಹುಡುಕಿ, ರಿಪೇರಿ ಮಾಡಿ ಕೊಟ್ಟವನೂ ಅವನೇ. ಹಗ್ಗ ಕಟ್ಟಿ ಕಾರನ್ನು ಎಳೆದುಕೊಂಡು ಹೋಗಿ, ಗ್ಯಾರೇಜಿನ ನೆಲದ ಮೇಲೆ ನಿಲ್ಲಿಸಿ, ಬಾನೆಟ್ ಎತ್ತಿ ಕಡ್ಡಿ ಎಳೆದ. ತುದಿ ಮಾತ್ರ ಒದ್ದೆಯಾಗಿತ್ತು.

"ಎಣ್ಣೆ ನೋಡೋದು ಇವಳ ಕೆಲಸ," ಎಂದಳು ಅಮ್ಮ, ಮಾವ ಕೇಳುವ ಮೊದಲೇ.

ಮೆಣಸಿನ ಕಿವಿ ಬಿಸಿಯಾಯಿತು. ಎರಡು ಗೀಟಿನ ನಡುವೆ ಇತ್ತು, ಬೇಕಾದರೆ ಆಣೆ ಮಾಡುತ್ತೇನೆ ಎಂದಳು. ನೋಡುವಾಗ ಕಾರು ಎಲ್ಲಿ ನಿಂತಿತ್ತು ಎಂದು ಮಾವ ಕೇಳಿದ. ಪಕ್ಕದ ಮನೆಯವರು ಇವರ ಗೇಟಿನ ಮುಂದೆ ಮರಳು ಸುರಿದಿದ್ದರಿಂದ ಈ ವಾರವೆಲ್ಲ ಕಾರು ಬೀದಿಯ ಕೊನೆಯ ಇಳಿಜಾರಿನಲ್ಲಿ, ಮೂತಿ ಕೆಳಗೆ ಮಾಡಿಕೊಂಡು ನಿಲ್ಲುತ್ತಿತ್ತು.

ಮಾವ ಒಂದು ತಟ್ಟೆಗೆ ಸ್ವಲ್ಪ ಎಣ್ಣೆ ಸುರಿದು ಓರೆ ಮಾಡಿದ. ಎಣ್ಣೆಯೆಲ್ಲ ಒಂದೇ ಮೂಲೆಗೆ ಓಡಿತು. ಈ ಕಾರಿನಲ್ಲಿ ಕಡ್ಡಿ ಇರುವುದು ಎಂಜಿನ್ನಿನ ಮುಂದಿನ ಕಡೆ. ಇಳಿಜಾರಿನಲ್ಲಿ ಇದ್ದಬದ್ದ ಎಣ್ಣೆಯೆಲ್ಲ ಮುಂದಕ್ಕೆ ಬಂದು, ಬೇಕಾದಷ್ಟಿದೆ ಎಂದು ತೋರಿಸಿತ್ತು. ಸಮ ನೆಲದಲ್ಲಿ ನೋಡಬೇಕು ಎಂದು ಮಾವ ಹಿಂದೆಯೇ ಹೇಳಿಕೊಟ್ಟಿದ್ದ. ಅದು ಮೆಣಸಿಗೆ ಮರೆತೇ ಹೋಗಿತ್ತು.

"ನೋಡು. ನಿನ್ನದೇ ತಪ್ಪು," ಎಂದಳು ಅಮ್ಮ.

ಅಲ್ಲಿ ನಿಲ್ಲಿಸಿದ್ದು ಯಾರು? ಮೆಣಸಿಗೆ ಕೂಗಿ ಕೇಳಬೇಕು ಅನ್ನಿಸಿತು. ಅಷ್ಟರಲ್ಲಿ ಮಾವ ಹೊಸ ಎಣ್ಣೆಯ ಕ್ಯಾನ್ ತಂದ.

"ಲ್ಯಾಂಪ್ ಬಂದಿತ್ತಾ?" ಎಂದು ಅಮ್ಮನನ್ನು ಕೇಳಿದ.

"ಇಲ್ಲ," ಎಂದಳು ಅಮ್ಮ.

ಮೆಣಸು ಬೆಚ್ಚಿಬಿದ್ದಳು. ಬೆಳಿಗ್ಗೆಯಿಂದ ಸುಳ್ಳಿ ಅನ್ನಿಸಿಕೊಂಡವಳು ಅವಳು. ಈಗ ಕಣ್ಣೆದುರೇ ಸುಳ್ಳು ಹೇಳಿದವಳು ಅಮ್ಮ.

ಲ್ಯಾಂಪ್ ಬಂದಿಲ್ಲ ಅಂದರೆ ಎಣ್ಣೆ ಹೇಗೋ ಎಲ್ಲ ಕಡೆ ತಲುಪುತ್ತಿತ್ತು, ಈಗ ತುಂಬಿಸಿ ಸ್ಟಾರ್ಟ್ ಮಾಡಿದರೆ ಸಾಕು ಎಂದ ಮಾವ. ಲ್ಯಾಂಪ್ ಉರಿಯುತ್ತಿದ್ದಾಗಲೂ ಓಡಿಸಿದ್ದರೆ ಮಾತ್ರ ಕತೆ ಬೇರೆ. ಒಳಗೆ ಲೋಹಕ್ಕೆ ಲೋಹ ಉಜ್ಜಿ ಸವೆದಿರುತ್ತದೆ. ಅಡಿ ಬಿಚ್ಚಿ ನೋಡದೆ ಸ್ಟಾರ್ಟ್ ಮಾಡಿದರೆ ಎಂಜಿನ್ ಹಿಡಿದುಕೊಂಡು ನಿಂತುಬಿಡುತ್ತದೆ. ಆಮೇಲೆ ಕಾರು ಗುಜರಿಗೇ.

ಗುಜರಿಗೆ ಹೋದರೆ ಬ್ರೆಡ್ ಹಂಚುವ ಕೆಲಸವೂ ಹೋಯಿತು. ಅಮ್ಮ ಮತ್ತೆ ಫ್ಯಾಕ್ಟರಿಯ ರಾತ್ರಿಪಾಳಿಗೆ ಹೋಗಬೇಕು. ಮೆಣಸು ಮತ್ತೆ ಪಕ್ಕದ ಮನೆಯಲ್ಲಿ ಮಲಗಬೇಕು. ಅಮ್ಮನಿಗೆ ಇದೆಲ್ಲ ಗೊತ್ತಿಲ್ಲವೇ? ಗೊತ್ತಿದ್ದೂ ನೆಲ ನೋಡುತ್ತ ನಿಂತಿದ್ದಾಳಲ್ಲ!

ಮಾವ ಎಣ್ಣೆ ಸುರಿದು, ಕ್ಯಾನ್ ಕೆಳಗಿಟ್ಟು, ಕೀಲಿಗೆ ಕೈಚಾಚಿದ. ಅಮ್ಮ ಕೊಟ್ಟೇಬಿಟ್ಟಳು.

"ಲ್ಯಾಂಪ್ ಬಂದಿತ್ತು," ಎಂದಳು ಮೆಣಸು. "ಮಾರ್ಕೆಟ್ ಹತ್ರಾನೇ ಬಂತು. ನಾನು ಹೇಳಿದೆ. ಅಮ್ಮ ಕೇಳಲಿಲ್ಲ."

ಮಾವ ಅಮ್ಮನ ಮುಖ ನೋಡಿದ. ಅಮ್ಮ ತಲೆ ಎತ್ತಲಿಲ್ಲ. ಅವನು ಕೀಲಿಯನ್ನು ಜೇಬಿಗೆ ಹಾಕಿಕೊಂಡು ಶುರುಮಾಡಿದ. ಲ್ಯಾಂಪ್ ಬಂದರೆ ಇದ್ದಲ್ಲೇ ನಿಲ್ಲಿಸು ಎಂದು ಎಷ್ಟು ಸಲ ಬಡಿದುಕೊಂಡಿದ್ದೆ, ಚಿಕ್ಕಂದಿನಿಂದಲೂ ನಿನಗೆ ಇದೇ ಬುದ್ಧಿ, ಮುರಿದದ್ದನ್ನು ಮುಚ್ಚಿಡುವುದು, ಆಮೇಲೆ ಬೇರೆಯವರತ್ತ ಬೆರಳು ತೋರಿಸುವುದು ಎಂದು ಒಂದೇ ಸಮನೆ ಬೈದ.

ಅಮ್ಮನಿಗೆ ಯಾರಾದರೂ ಹೀಗೆ ಬೈಯಲಿ ಎಂದು ಮೆಣಸು ಬೆಳಿಗ್ಗೆಯಿಂದ ಕಾಯುತ್ತಿದ್ದಳು. ಈಗ ಬೈಗುಳ ಬೀಳುತ್ತಿತ್ತು, ಆದರೆ ಖುಷಿಯೇ ಆಗಲಿಲ್ಲ. ಅಮ್ಮ ಅಂಗಿಯ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಅಮ್ಮನೂ ಒಬ್ಬರಿಗೆ ತಂಗಿ ಎಂಬುದು ಮೆಣಸಿಗೆ ಗೊತ್ತಿದ್ದದ್ದೇ. ನೋಡಿದ್ದು ಮಾತ್ರ ಇವತ್ತೇ.

"ಮಾವ, ಸಾಕು," ಎಂದಳು. "ಇಳಿಜಾರಲ್ಲಿ ನೋಡಿದ್ದು ನಾನು. ನನಗೂ ಬೈಯಿ."

ಮಾವ ಅರ್ಧಕ್ಕೇ ನಿಲ್ಲಿಸಿದ. ಏನೋ ಗೊಣಗಿಕೊಂಡು, ಸ್ಪ್ಯಾನರ್ ಎತ್ತಿಕೊಂಡು ಕಾರಿನ ಅಡಿಗೆ ತೂರಿದ.

ತಾಯಿ ಮಗಳು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತರು. ಮಧ್ಯೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ಅಡಿಯಿಂದ ಬೋಲ್ಟು ಬಿಚ್ಚುವ ಸದ್ದು ತುಂಬಾ ಹೊತ್ತು ಬರುತ್ತಿತ್ತು. ಕೊನೆಗೆ ಮಾವನ ದನಿ ಕೇಳಿತು. ಸವೆದಿದೆ, ಪೂರ್ತಿ ಹೋಗಿಲ್ಲ, ಬೇರಿಂಗ್ ಬದಲಾಯಿಸಿದರೆ ಓಡುತ್ತದೆ ಎಂದ. ಸ್ಟಾರ್ಟ್ ಮಾಡಿದ್ದರೆ ಮುಗಿದೇ ಹೋಗುತ್ತಿತ್ತು.

ಅಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಕೈ ತೆಗೆಯದೆಯೇ ಮಾತಾಡಿದಳು.

"ಭಯ ಆಯ್ತು ಕಣೇ. ಅಣ್ಣ ಬೈತಾನೆ ಅಂತ."

ಇಷ್ಟು ದೊಡ್ಡವರಿಗೂ ಆ ಭಯ ಇರುತ್ತದೆ ಎಂದು ಮೆಣಸು ಅಂದುಕೊಂಡಿರಲಿಲ್ಲ. ಅವಳು ಅಮ್ಮನ ಕಡೆ ನೋಡಲಿಲ್ಲ.

"ನನಗಿನ್ನೂ ಸಿಟ್ಟಿದೆ," ಎಂದಳು.

"ಇರಲಿ," ಎಂದಳು ಅಮ್ಮ.

ಮೆಣಸು ಸಿಟ್ಟು ಮಾಡಿಕೊಂಡೇ ಬೆಂಚಿನ ಮೇಲೆ ಅಮ್ಮನ ಹತ್ತಿರಕ್ಕೆ ಸರಿದು ಕೂತಳು.